ದಫೇದಾರರ ಮೂಗು

ಜೋಗಿಮಟ್ಟಿಯ ಇಳಿಜಾರಿನಲ್ಲಿ, ಜೋಳದ ಸಾಲುಗಳ ನಡುವೆ ಕಳ್ಳತನದಿಂದ ಬೆಳೆದಿದ್ದ ಗಾಂಜಾವನ್ನು ಬರಿಯ ವಾಸನೆಯ ಜಾಡಿನಿಂದ ಪತ್ತೆ ಹಚ್ಚಿದ್ದು, ಮಳೆಯಲ್ಲಿ ನೆನೆಯುತ್ತ ಕಾದು ಕುಳಿತು ಬೆಳೆಗಾರರನ್ನು ಹಿಡಿದದ್ದು: ಮಹಾರಾಜರ ಕಾಲದ ಈ ಸಾಹಸವನ್ನು ಅಬಕಾರಿ ಇಲಾಖೆಯ ನಿವೃತ್ತ ದಫೇದಾರ ಮುರುಗಪ್ಪನವರು ದುರ್ಗದಿಂದ ಹೊಳಲ್ಕೆರೆಯವರೆಗೆ ಬಸ್ಸಿನಲ್ಲಿ ಪಕ್ಕದವನಿಗೆ ವಿವರಿಸಿ ಮುಗಿಸಿದ್ದರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮಾರನೆಯ ವರ್ಷವದು. ಮಗಳ ಮನೆಯ ಹೊಸ್ತಿಲು ದಾಟಿದವರೇ ಗೂಟದಲ್ಲಿ ತೂಗುತ್ತಿದ್ದ ಅಳಿಯನ ಅಂಗಿಯನ್ನು ತೆಗೆದು ಮೂಸಿದರು.

"ಅಂಗೀನೇ ಯಾಕೆ ಮಾವ? ತಗಳ್ರಿ, ಕೈನೂ ಮೂಸ್ರಿ." ಅಡಿಕೆ ಮಂಡಿಯಿಂದ ಊಟಕ್ಕೆ ಬಂದಿದ್ದ ಪಾಲಣ್ಣ ಬಾಗಿಲಲ್ಲೇ ನಿಂತು ಕೈ ಚಾಚಿದ.

ಮುರುಗಪ್ಪನವರು ನಿಜವಾಗಿಯೂ ಮೂಸಿದರು. ಅಡಿಕೆಯ ಒಗರು ವಾಸನೆಯ ಅಡಿಯಲ್ಲಿ ಮತ್ತೊಂದು ಸಣ್ಣ ಘಾಟು ಅಡಗಿತ್ತು. ಮಗಳು ಮಹಾದೇವಮ್ಮ ಅವರು ಬಂದಾಗಲೆಲ್ಲ ಹಗಲಿನಲ್ಲೇ ತೂಕಡಿಸುತ್ತಿದ್ದಳು, ಮಾತು ತೊದಲುತ್ತಿತ್ತು, ಹಾಲುಕ್ಕಿ ಒಲೆ ಆರಿದರೂ ಅವಳಿಗೆ ಅರಿವಿರುತ್ತಿರಲಿಲ್ಲ. ಇದರ ಮೂಲ ಯಾವುದೆಂದು ಅವರು ಎಂದೋ ತೀರ್ಮಾನಿಸಿದ್ದರು.

"ಸೇದ್ತೀಯೋ ಇಲ್ವೋ?"

"ಸೋಮವಾರದ ಭಜನೇಲಿ ಒಂದು ದಮ್ಮು ಎಳೀತೀನಿ. ಇಲ್ಲ ಅನ್ನಲ್ಲ."

"ಸಿಕ್ಕಿಬಿದ್ದೆ ಕಣಲೇ! ಗಾಂಜಾ ಹೊಕ್ಕ ಮನೇಲಿ ಒಲೆ ಉರಿಯಲ್ಲ. ನನ್ನ ಮಗಳಿಗೂ ಅದನ್ನೇ ಉಣಿಸಿ ಹಿಂಗೆ ಮಾಡೀಯ. ಇವತ್ತೇ ಕರ್ಕಂಡು ಹೋಗ್ತೀನಿ."

"ಮೊದ್ಲು ಎಬ್ಬಿಸ್ರಿ, ನೋಡಾಣ."

ಒಳಕೋಣೆಯಲ್ಲಿ ಮಹಾದೇವಮ್ಮ ಚಾಪೆಯ ಮೇಲೆ ಮಲಗಿದ್ದಳು. ತಂದೆ ಭುಜ ಹಿಡಿದು ಅಲುಗಿಸಿದರು. ಕಣ್ಣು ಅರೆತೆರೆದು ಮುಚ್ಚಿತು. ಪಾಲಣ್ಣ ದಿಂಬಿನ ಕೆಳಗಿಂದ ಸಣ್ಣದೊಂದು ಸೀಸೆ ತೆಗೆದು ಅವರ ಮುಂದೆ ಹಿಡಿದ.

"ಇದನ್ನ ಮೂಸ್ರಿ."

ಮುಚ್ಚಳ ಬಿಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಏನೂ ಇಲ್ವಲ್ಲ. ಇದು ತಾಕತ್ತಿನ ಮಾತ್ರೆ. ಡಾಕ್ಟ್ರು ಬರೆದಿದ್ದಂತೆ."

"ನಿದ್ದೆ ಮಾತ್ರೆ ಮಾವ. ಕೂಸು ಹೋದಾಗ ನಾಕು ದಿನಕ್ಕೆ ಅಂತ ಬರೆದ್ರು. ಕೂಸು ಹೋಗಿ ಎಲ್ಡು ವರ್ಷ ಆತು. ಇಲ್ಲಿನ ಅಂಗ್ಡಿಯೋರಿಗೆ ಕೊಡಬ್ಯಾಡ್ರಿ ಅಂತ ಕೈ ಮುಗಿದು ಬಂದೀನಿ. ಆದ್ರೂ ಸೀಸೆ ಬರಿದಾಗಲ್ಲ. ಯಾರು ತಂದುಕೊಡ್ತಾರೆ ಅಂತ ನನಗೂ ಅನುಮಾನ ಇತ್ತು."

ಮುರುಗಪ್ಪನವರ ಕೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ಮಗಳು ಹೇಳಿಕಳಿಸಿದಾಗಲೆಲ್ಲ ದುರ್ಗದ ಔಷಧದಂಗಡಿಯಿಂದ ಅವರೇ ಕೊಂಡು ತರುತ್ತಿದ್ದರು. ದಫೇದಾರರನ್ನು ಡಾಕ್ಟರ ಚೀಟಿ ಕೇಳುವಷ್ಟು ಧೈರ್ಯ ಅಂಗಡಿಯವನಿಗಿರಲಿಲ್ಲ. ಇಂದಿನ ಹೊಸ ಸೀಸೆಯೂ ಮಗಳಿಗೆಂದು ತಂದ ಮಲ್ಲಿಗೆಯ ಪೊಟ್ಟಣದ ಜೊತೆಗೇ ಹೊರಬಂತು.

"ನನ್ನ ದಮ್ಮಿಗೆ ನಿಮ್ಮ ಕಾಯ್ದೆ ಐತೆ," ಎಂದ ಪಾಲಣ್ಣ, ಹೊಸ ಸೀಸೆಯನ್ನೇ ನೋಡುತ್ತ. "ಇದಕ್ಕೆ ಮಲ್ಲಿಗೆ ಹೂವಿನ ಮರ್ಯಾದೆ."

ಮುರುಗಪ್ಪನವರು ಎರಡೂ ಸೀಸೆಗಳನ್ನು ಮೋರಿಗೆಸೆಯಲು ಧಡಕ್ಕನೆ ಎದ್ದರು. ಅಳಿಯ ಮಣಿಕಟ್ಟು ಹಿಡಿದ.

"ಎಸೀಬ್ಯಾಡ್ರಿ! ಒಂದ್ಸಲ ನಾನು ಎಲ್ಲಾ ಬಚ್ಚಿಟ್ಟಿದ್ದೆ. ಕೈಕಾಲು ಸೆಟೆದು ಬಿದ್ಲು, ಸತ್ತೇ ಹೋದ್ಲು ಅಂದ್ಕಂಡೆ. ದಾವಣಗೆರೆ ಡಾಕ್ಟ್ರು ಚೂರುಚೂರೇ ಇಳಿಸಬೇಕು ಅಂದ್ರು. ಆದ್ರೆ ಅರ್ಧ ಕೊಟ್ರೆ ನನ್ನ ಮುಖಕ್ಕೇ ಎಸೀತಾಳೆ. ನಿಮ್ಮ ಕೈಯಿಂದಾದ್ರೆ ತಗಂತಾಳೇನೋ."

ಮುರುಗಪ್ಪನವರು ಅಳಿಯನ ಮುಖವನ್ನು ದಿಟ್ಟಿಸಿದರು. ಇದರಲ್ಲೂ ಏನೋ ಹೂಟವಿರಬಹುದೆಂಬ ಶಂಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಷ್ಟರಲ್ಲಿ ಮಹಾದೇವಮ್ಮ ಗೋಡೆಗೊರಗಿ ಎದ್ದು ಕುಳಿತಳು.

"ಅಪ್ಪಯ್ಯ, ಯಾವಾಗ ಬಂದೆ? ತಂದ್ಯಾ?" ಅಂಗೈ ಆಗಲೇ ಮುಂದೆ ಬಂದಿತ್ತು.

ಮುರುಗಪ್ಪನವರು ಅಳಿಯನ ಕಡೆ ತಿರುಗಿ ಅಡಕತ್ತರಿ ಕೇಳಿದರು. ಪಾಲಣ್ಣ ಎಲೆಪೆಟ್ಟಿಗೆಯಿಂದ ತಂದುಕೊಟ್ಟ. ಅದರ ಬಾಯಿಗೊಂದು ಮಾತ್ರೆಯನ್ನಿಟ್ಟು ಮೆಲ್ಲನೆ ಒತ್ತಿದರು. ಟಕ್ಕೆಂದು ಎರಡಾಯಿತು, ಬಿಳಿಯ ಹುಡಿ ನೆಲದ ಕಲ್ಲಿನ ಮೇಲೆ ಉದುರಿತು. ಅರ್ಧವನ್ನು ಮಗಳ ಅಂಗೈಯಲ್ಲಿಟ್ಟರು.

ಅವಳು ಎಸೆಯಲಿಲ್ಲ. ಬೆರಳುಗಳನ್ನು ಮಡಿಸಲೂ ಇಲ್ಲ. ತೆರೆದ ಅಂಗೈ ಇನ್ನರ್ಧಕ್ಕೆ ಕಾಯುತ್ತ ಹಾಗೆಯೇ ಚಾಚಿಕೊಂಡಿತ್ತು. ನೆಲದ ಮೇಲೆ ಉಳಿದ ಅರ್ಧವನ್ನು ಮುರುಗಪ್ಪನವರು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕುಳಿತಿದ್ದರು.