ಎಂಟು ಮಂದಿಯ ಪೈಪು

"ಹೊಟ್ಟ್ಯಾಗಿರೋದು ಹಿಡಿದು ಎಂಟು," ಎಂದ ತಿಪ್ಪೇರುದ್ರಪ್ಪ.

ಪುರಸಭೆಯ ಪೈಪಿನ ಮೇಸ್ತ್ರಿ ಓಬಣ್ಣ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಎಂಟನ್ನು ಬರೆದುಕೊಂಡ. ಗಾಂಧಿನಗರದ ಆ ಮನೆಗೆ ನಳ ಕೊಡುವ ಮೊದಲು ಅವನು ಕೇಳಲೇಬೇಕಾಗಿದ್ದ ಪ್ರಶ್ನೆ ಒಂದೇ: ಮನೆಯಲ್ಲಿ ಎಷ್ಟು ಮಂದಿ? ಎಂಟರ ತನಕ ಅರ್ಧ ಇಂಚಿನ ಪೈಪು. ಎಂಟು ದಾಟಿದರೆ ಮುಕ್ಕಾಲು ಇಂಚಿನದು.

ತಿಪ್ಪೇರುದ್ರಪ್ಪ ಬೆರಳು ಮಡಚಿ ಎಣಿಸಿದ್ದ. ತಾನು, ಹೆಂಡತಿ ಸಾವಂತ್ರಮ್ಮ, ಮಗ ಚಂದ್ರಣ್ಣ, ಸೊಸೆ, ಸೊಸೆಯ ಹೊಟ್ಟೆಯಲ್ಲಿದ್ದ ಐದು ತಿಂಗಳಿನದು, ಇಬ್ಬರು ಹೆಣ್ಣುಮಕ್ಕಳು, ಮದರಾಸಿನಲ್ಲಿ ಓದುತ್ತ ವರ್ಷಕ್ಕೆರಡು ಸಲ ಮುಖ ತೋರಿಸುವ ಕಿರಿಯ ಮಗ. ಇನ್ನೂ ಹುಟ್ಟದವರನ್ನೂ ಊರಲ್ಲಿಲ್ಲದವರನ್ನೂ ಬಿಡದ ಉದಾರ ಎಣಿಕೆ.

ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅಂಗಳಕ್ಕೆ ಕಾಲಿಡುತ್ತಿದ್ದ ಅವನ ಅಕ್ಕ ಪಾರಮ್ಮನಿಗೆ ಆ ಎಣಿಕೆ ಮೊದಲಿಂದ ಕೊನೆಯತನಕ ಕೇಳಿಸಿತು. ಫೆಬ್ರುವರಿಯಲ್ಲಿ ದೇಶದ ಜನರನ್ನೆಲ್ಲ ಎಣಿಸುವ ಖಾನೇಷುಮಾರಿಯ ಗುಮಾಸ್ತ ಬಂದು ಇದೇ ಕಟ್ಟೆಯ ಮೇಲೆ ಕೂತು ಅವಳ ಹೆಸರು, ವಯಸ್ಸು, ಗಂಡ ಸತ್ತದ್ದು ಎಲ್ಲವನ್ನೂ ಬರೆದುಕೊಂಡು ಹೋಗಿದ್ದ. ಹೊಸ ಸರಕಾರದ ಮೂವತ್ತಾರು ಕೋಟಿಯಲ್ಲಿ ಪಾರಮ್ಮನೂ ಒಬ್ಬಳು. ತಮ್ಮನ ಎಂಟರಲ್ಲಿ ಅಲ್ಲ.

ಅವಳು ಸೊಂಟದ ಕೊಡವನ್ನು ಕುಕ್ಕಿದ ರಭಸಕ್ಕೆ ನೀರು ಚಿಮ್ಮಿ ತಮ್ಮನ ಹೊಸ ಮೆಟ್ಟಿನ ಮೇಲೆ ಬಿತ್ತು.

"ಮೇಸ್ತ್ರಿ, ಒಂಬತ್ತು ಬರಕೋರಿ."

ತಿಪ್ಪೇರುದ್ರಪ್ಪ ಮೆಟ್ಟು ಒರೆಸಿಕೊಳ್ಳುತ್ತ ನಕ್ಕ. ಹತ್ತಿ ದಲಾಲಿಯಾದ ಅವನಿಗೆ ಕೆಟ್ಟ ಮಾತನ್ನು ಒಳ್ಳೆಯ ದನಿಯಲ್ಲಿ ಆಡುವುದು ರೂಢಿ. "ಅಕ್ಕಾ, ನಿನಗ ಹೇಳಬೇಕಂತಿದ್ದೆ. ಸಿರುಗುಪ್ಪದ ಎರ್ರೆಪ್ಪಗ ಕಾಗದ ಬರದಿಟ್ಟೀನಿ. ನಳ ಬಂದ ಮ್ಯಾಲೆ ಇಲ್ಲಿ ನಿನಗ ಕೆಲಸರ ಏನೈತಿ? ಮೈದುನನ ಮನ್ಯಾಗ ಆರಾಮ ಇರು."

ಎರ್ರೆಪ್ಪನ ಮನೆಯ ಆರಾಮ ಅವಳಿಗೆ ಗೊತ್ತಿತ್ತು. ಗಂಡನ ತಿಥಿಯೂಟ ಮುಗಿದ ಮರುದಿನವೇ ಅವಳ ಟ್ರಂಕನ್ನು ಬೀದಿಯಲ್ಲಿಟ್ಟವನು ಅವನು. ಅವತ್ತಿನಿಂದ ಹನ್ನೊಂದು ವರ್ಷ ಅವಳು ಈ ಮನೆಯಲ್ಲಿದ್ದಳು. ಅಂದರೆ, ಹೆಚ್ಚಿನ ಹೊತ್ತು ಈ ಮನೆಗೂ ಓಣಿಯ ಕೊನೆಯ ಬಾವಿಗೂ ನಡುವೆ ಇದ್ದಳು.

ಅವಳು ತಮ್ಮನನ್ನು ಬಿಟ್ಟು ಮೇಸ್ತ್ರಿಯ ಕಡೆಗೇ ತಿರುಗಿದಳು. "ದಿನಕ್ಕ ಮೂವತ್ತು ಕೊಡ ಹೊರಾಕಿ ನಾನು. ಈ ಮನಿಗೆ ಎಷ್ಟು ನೀರು ಬೇಕು ಅನ್ನೋದನ್ನ ನನ್ನ ಕೇಳ್ರಿ. ಈ ಮಹಾರಾಯಗ ಬಾವಿ ಯಾವ ದಿಕ್ಕಿಗೈತಿ ಅನ್ನೋದ ಗೊತ್ತಿಲ್ಲ. ಅರ್ಧ ಇಂಚು ಅಂದ್ರ ಎಷ್ಟಾತು?"

ಓಬಣ್ಣ ಕಿರುಬೆರಳು ಎತ್ತಿ ತೋರಿಸಿದ. "ಇದು ಹೋಗುವಷ್ಟು ತೂತು, ಅಮ್ಮಾ. ಮುಕ್ಕಾಲಂದ್ರ ಹೆಬ್ಬೆರಳು."

"ಬೀದಿ ಪೈಪಿನಿಂದ ನಮ್ಮ ಅಡಿಗಿಮನಿಗೆ?"

"ನಲವತ್ತು ಗಜ."

"ಅಲ್ಲಿಂದ ಇವನ ಮಹಡಿ ಬಚ್ಚಲಕ್ಕ?"

"ಹದಿನೈದು ಅಡಿ ಏರಬೇಕು."

"ನೀವು ನೀರು ಬಿಡೋದು ಮುಂಜಾನಿ ಎರಡು ತಾಸು. ಕಿರುಬೆರಳಿನ ತೂತಿನ್ಯಾಗ ಅಷ್ಟು ದೂರ ಬಂದ ನೀರು ಮಹಡೀನೂ ಹತ್ತತೈತೇನು?"

ಓಬಣ್ಣ ತಲೆ ಕೆರೆದುಕೊಂಡ. "ದೂರ ಹೋದಷ್ಟೂ ನೀರಿನ ಕಸುವು ಸಾಯ್ತೈತಿ. ಆಕಿ ಹೇಳೋದು ಖರೆ, ಸಾವುಕಾರ್ರ. ಮುಕ್ಕಾಲ ಹಾಕಿಸ್ರಿ. ಒಂಬತ್ತನೇ ಹೆಸರೊಂದು ಬರದು ಸಹಿ ಮಾಡಿದ್ರ ಆತು."

ಅಲ್ಲೇ ಇತ್ತು ತೊಡಕು. ಒಮ್ಮೆ ಕಾಗದಕ್ಕೆ ಏರಿದ ಹೆಸರು ಮನೆಯಿಂದ ಸುಲಭಕ್ಕೆ ಇಳಿಯುವುದಿಲ್ಲವೆಂಬುದು ದಲಾಲಿಗೆ ತಿಳಿದಿತ್ತು.

"ನೀರು ಹೊತ್ತವರೆಲ್ಲ ಇಂಜಿನೀರಾದ್ರ ಮುಗೀತು," ಎಂದ ತಿಪ್ಪೇರುದ್ರಪ್ಪ. "ಎಂಟು. ಹಾಕಲೇ ಅರ್ಧ ಇಂಚು."

ಹದಿನೈದು ದಿನ ಪಾರಮ್ಮ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಕೊಡಗಳು ಮಾತ್ರ ಮಾತಾಡಿದವು. ಇಡುವಾಗ ಢಣ್ಣೆಂದವು, ಎತ್ತುವಾಗ ಗೋಡೆಗೆ ಬಡಿದವು. ಸಾವಂತ್ರಮ್ಮ ಒಂದೆರಡು ಸಲ "ತಗ್ಗು ಬೀಳ್ತಾವು" ಎಂದಳು. ಬಿದ್ದವು.

ನಳ ಬಿಡುವ ದಿನ ತಿಪ್ಪೇರುದ್ರಪ್ಪ ಓಣಿಯವರನ್ನೆಲ್ಲ ಕರೆದಿದ್ದ. ಕುರುಗೋಡಿನಿಂದ ಸೊಸೆಯ ಅಪ್ಪ ಚಿನ್ನಪ್ಪ ಹತ್ತು ಮಂದಿಯ ದಂಡು ಕಟ್ಟಿಕೊಂಡು ಮೊದಲ ಬಸ್ಸಿಗೇ ಬಂದಿಳಿದಿದ್ದರು. ನಳದ ಕೊರಳಿಗೆ ಚೆಂಡುಹೂವಿನ ಹಾರ, ಮೂತಿಗೆ ಕುಂಕುಮ. ಬೀಗರಿಗೆ ಮಹಡಿಯ ಬಚ್ಚಲು ತೋರಿಸಲೆಂದು ತಿಪ್ಪೇರುದ್ರಪ್ಪ ರೇಷ್ಮೆ ಧೋತರ ಎತ್ತಿ ಕಟ್ಟಿ ಮೇಲೆ ನಿಂತಿದ್ದ.

ಓಬಣ್ಣ ಬೀದಿಯಲ್ಲಿ ನೀರು ಬಿಡುವ ಗಾಲಿ ತಿರುವಿದ. ಅಡಿಗೆಮನೆಯ ನಳ ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ಹುರಿಯಷ್ಟು ಸಣ್ಣಗೆ ಸುರಿಯತೊಡಗಿತು.

"ಬಂತು!" ಎಂದರು ಕೆಳಗಿನವರು.

"ಎಲ್ಲಿ ಬಂತು?" ಎಂದ ಮೇಲಿನವನು.

ಕೆಳಗಿನದನ್ನು ಮುಚ್ಚಿದರು. ಮೇಲಿನ ನಳದಿಂದ ಉಸ್ಸೆಂಬ ಗಾಳಿ ಬಂತು. ಚಿನ್ನಪ್ಪ ನಳದ ಕೆಳಗೆ ಅಂಗೈ ಹಿಡಿದು ಬಹಳ ಹೊತ್ತು ನಿಂತರು.

"ಬೀಗರ, ಬ್ಯಾಸಿಗ್ಯಾಗ ಗಾಳಿ ಭಾಳ ಬೇಕು ನೋಡ್ರಿ," ಎಂದರು.

ಓಣಿಯವರು ನಗುವುದನ್ನು ಮುಗಿಸುವಷ್ಟರಲ್ಲಿ ನೀರು ಬಿಡುವ ಹೊತ್ತೂ ಮುಗಿಯಿತು. ಒಲೆಯ ಮೇಲೆ ಬೇಳೆ ಅರ್ಧ ಬೆಂದು ತಳ ಹಿಡಿಯುತ್ತಿತ್ತು. ಊಟಕ್ಕೆ ಮೂವತ್ತು ಎಲೆ, ಮನೆಯಲ್ಲಿ ಇದ್ದದ್ದು ಒಂದೂವರೆ ಕೊಡ ನೀರು. ಸಾವಂತ್ರಮ್ಮ ಗಂಡನನ್ನು ನೋಡಿದಳು. ತಿಪ್ಪೇರುದ್ರಪ್ಪ ಕೆಳಗಿಳಿದು ಹಿತ್ತಲಿಗೆ ಹೋದ.

ಪಾರಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕೊಡಗಳನ್ನು ಬೋರಲು ಹಾಕಿದ್ದಳು.

"ಅಕ್ಕಾ," ಎಂದ, ಆ ಒಳ್ಳೆಯ ದನಿಯಲ್ಲಿ. "ಬೀಗರ ಮುಂದ ಮರ್ಯಾದಿ ಹೊಂಟೈತಿ. ಲಗೂನ ನಾಕು ಕೊಡ ತಾ."

"ಎಂಟು ಮಂದೀದು ಪೈಪು. ಎಂಟು ಮಂದಿ ಹೊರ್ರಿ."

"ಇದು ಜಗಳ ಮಾಡೋ ಹೊತ್ತೇನ?"

"ಮದರಾಸಿಗೆ ತಾರು ಹೊಡಿಯಪ್ಪಾ. ನಿನ್ನ ಎಂಟನೇದವ ಬಂದು ಹೊರ್ಲಿ."

ಅವನು ದನಿ ತಗ್ಗಿಸಿದ. "ಆತು, ಸಿರುಗುಪ್ಪದ ಕಾಗದ ಹರದು ಹಾಕ್ತೀನಿ. ನಿನಗ ಹೋಗು ಅಂದೋರು ಯಾರು?"

"ಇರು ಅಂತ ಬರದೋರು ಯಾರು?"

ಪಾರಮ್ಮ ಎದ್ದಳು. ಕೊಡ ಎತ್ತುವಳೆಂದು ಅವನು ದಾರಿ ಬಿಟ್ಟ. ಅವಳು ಅವನನ್ನು ದಾಟಿ, ಬೀಗರನ್ನು ದಾಟಿ, ನೇರ ಅಡಿಗೆಮನೆಗೆ ಬಂದಳು. ಹನ್ನೊಂದು ವರ್ಷ ಕೊಡದ ಕೆಳಗೆ ತಲೆಯ ಮೇಲಿಟ್ಟು ಸವೆದ ಬಟ್ಟೆಯ ಸಿಂಬಿ ಅವಳ ಕೈಯಲ್ಲಿತ್ತು. ನಳದ ಕೊರಳಿನ ಚೆಂಡುಹೂವಿನ ಹಾರ ತೆಗೆದು ಒಲೆಯ ಪಕ್ಕಕ್ಕೆಸೆದಳು. ಆ ಜಾಗಕ್ಕೆ ಸಿಂಬಿಯನ್ನು ಸಿಕ್ಕಿಸಿದಳು.

"ಮೇಸ್ತ್ರಿ," ಎಂದಳು ಬೀದಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಓಬಣ್ಣನಿಗೆ, ಎಲ್ಲರಿಗೂ ಕೇಳುವಂತೆ, "ಒಂಬತ್ತು ಮಂದಿ ಅಂತ ಬರದು, ಒಂಬತ್ತನೇದು ಪಾರಮ್ಮ ಅಂತ ಹೆಸರು ಹಿಡಿದು ಇವನ ಕಡೆ ಸಹಿ ಮಾಡಿಸ್ರಿ. ಆಮ್ಯಾಲೆ ನೀರಿನ ಮಾತು."

ಒಲೆಯಲ್ಲಿ ಬೇಳೆ ಸೀದ ವಾಸನೆ ಮೇಲೆದ್ದಿತು. ಓಬಣ್ಣ ಪುಸ್ತಕ ಬಿಚ್ಚಿ, ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ, ಅವಳ ಹಿಂದೆಯೇ ಬಂದಿದ್ದ ತಿಪ್ಪೇರುದ್ರಪ್ಪನ ಕಡೆಗೆ ನೋಡದೆ ಕಾಯುತ್ತ ನಿಂತ. ನಳದ ಮೂತಿಯಲ್ಲಿ ಉಳಿದಿದ್ದ ಒಂದು ಹನಿ ಜಾರಿ ಸಿಂಬಿಯ ಅಂಚಿಗೆ ಬಿತ್ತು. ಬಟ್ಟೆ ಅದನ್ನು ಹೀರಿಕೊಂಡಿತು.