ಅರ್ಧ ಪುಷ್ಪಚಕ್ರ

ಪುಷ್ಪಚಕ್ರ ಮೂರನೆಯ ಸಲ ಮಗುಚಿ ಬಿದ್ದಾಗ ನಾರ್ಬರ್ಟ್ ಮಂಡಿಯೂರಿ ಕುಳಿತು ಅದರ ಕಾಲಿಗೆ ಚರ್ಚಿನ ಹಾಡಿನ ಪುಸ್ತಕವೊಂದನ್ನು ಒತ್ತುಕೊಡುತ್ತಿದ್ದ. ಎಪ್ಪತ್ತಾರರ ಮಂಡಿ ಲಟಕ್ಕೆಂದಿತು. ಪೂರ್ತಿ ಚಕ್ರವಾಗಿದ್ದರೆ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಇದು ಅರ್ಧ. ಕೆಂಪು ನೀಲಿ ಹೂಗಳನ್ನು ಒತ್ತಾಗಿ ಕಟ್ಟಿ, ನಟ್ಟನಡುವೆ ಕೊಯ್ದಂಥ ಅರ್ಧ ಚಕ್ರ. ಅದಕ್ಕೊಂದು ಬಿಳಿ ಪಟ್ಟಿ, ಪಟ್ಟಿಯ ಮೇಲೆ ಚಿನ್ನದ ಅಕ್ಷರ: 'ಹಾಫ್‌ಟೈಮ್ ಕ್ಯಾಜ್‌ಗೆ, ಮೂಲೆ ಬಾರಿನ ಗೆಳೆಯರಿಂದ.'

ಮಂಗಳವಾರ ಹೂವಿನಂಗಡಿಗೆ ಫೋನು ಮಾಡಿ ಹೀಗೇ ಬೇಕೆಂದು ಹೇಳಿದವನು ನಾರ್ಬರ್ಟನೇ. "ಅರ್ಧ ಅಂದ್ರೆ ಅರ್ಧಾನೇ ಕಣಮ್ಮ, ಊರಿಗೆಲ್ಲ ಅರ್ಥ ಆಗುತ್ತೆ" ಎಂದು ನಕ್ಕೂ ಇದ್ದ. ಮೂವತ್ತು ವರ್ಷ ನಕ್ಕ ಬಾಯಿ, ಗೆಳೆಯ ಸತ್ತ ಮರುದಿನವೂ ತಾನಾಗಿಯೇ ನಕ್ಕುಬಿಟ್ಟಿತ್ತು. ಈಗ ಎರಡು ಮಾರು ದೂರದಲ್ಲಿ ಕ್ಯಾಜ್ ಡೂಡೆಕ್ ತನ್ನ ಒಂದೇ ಒಂದು ಸೂಟಿನಲ್ಲಿ, ತೆರೆದ ಶವಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಅತ್ತ ತಿರುಗಿ ನೋಡಲು ನಾರ್ಬರ್ಟನಿಗೆ ಧೈರ್ಯವಾಗಲಿಲ್ಲ.

"ಬಿಡೋ, ಬೀಳ್ಲಿ," ಎಂದ ಹಿಂದಿನಿಂದ ರಿಚಿ. ಬಾರಿನಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವನದು, ಚರ್ಚಿನಲ್ಲೂ ಅದಕ್ಕೆ ಸಣ್ಣದಾಗಲು ಬಾರದು. "ಕ್ಯಾಜ್‌ನ ಹೂ ತಾನೇ? ಅದೂ ಅರ್ಧಕ್ಕೇ ಮನೆಗೆ ಹೊರಟಿದೆ."

ಹಿಂದಿನ ಬೆಂಚಿನಲ್ಲಿ ನಾಲ್ಕೈದು ಜನ ಮುಸಿಮುಸಿ ನಕ್ಕರು. ಕೆಟ್ಟ ನಗೆಯಲ್ಲ ಅದು, ಪ್ರೀತಿಯದೇ. ನಾರ್ಬರ್ಟನಿಗೆ ಚುಚ್ಚಿದ್ದೂ ಅದೇ.

ಆಗ ಡೊಲೋರಿಸ್ ಬಂದಳು. ಕ್ಯಾಜ್‌ನ ಹೆಂಡತಿ; ಗಿಡ್ಡ ಹೆಂಗಸು, ಕಪ್ಪು ಉಡುಪಿನಲ್ಲಿ ಇನ್ನೂ ಗಿಡ್ಡವಾಗಿದ್ದಳು. ಪುಷ್ಪಚಕ್ರವನ್ನೂ ಅವನನ್ನೂ ಒಂದು ಗಳಿಗೆ ನೋಡಿದಳು.

"ನಾರ್ಬರ್ಟ್, ಊಟದ ಹೊತ್ತಿಗೆ ಆ ಆಟದ ಕತೆ ನೀನೇ ಹೇಳ್ಬೇಕು."

"ಎಲ್ಲರಿಗೂ ಗೊತ್ತಿರೋದೇ ಅಲ್ವ, ಡೊಲೋರಿಸ್?"

"ಗೊತ್ತಿದೆ. ಆದ್ರೂ ನಿನ್ನ ಬಾಯಲ್ಲಿ ಕೇಳ್ಬೇಕು. ಇವತ್ತು ಸರಿಯಾಗಿ ಹೇಳು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನಿಗೆ. ಸರಿಯಾಗಿ ಎಂದರೆ ಏನು? ಇವಳಿಗೆ ಗೊತ್ತಿದೆಯೇ? ಪೂಜೆಯುದ್ದಕ್ಕೂ ಪಾದ್ರಿ ಹೇಳಿದ್ದೊಂದೂ ಅವನ ಕಿವಿಗೆ ಬೀಳಲಿಲ್ಲ.

* * *

ತೊಂಬತ್ತಮೂರರ ಜನವರಿ, ಹೂಸ್ಟನ್ ತಂಡದೆದುರಿನ ಅಮೆರಿಕನ್ ಫುಟ್‌ಬಾಲ್ ಆಟ. ಬಫಲೋ ಊರಲ್ಲಿ ಇಷ್ಟು ಹೇಳಿದರೆ ಸಾಕು. ಆ ದಿನ ಮೈದಾನದಲ್ಲಿದ್ದೆ ಎನ್ನುವವರನ್ನೆಲ್ಲ ಒಟ್ಟುಗೂಡಿಸಿದರೆ ಅಂಥ ಮೂರು ಮೈದಾನ ಸಾಲದು. ನಾರ್ಬರ್ಟ್ ಮತ್ತು ಕ್ಯಾಜ್ ನಿಜಕ್ಕೂ ಇದ್ದರು, ಅರ್ಧ ಆಟದ ತನಕ.

ಬೆಳಿಗ್ಗೆ ಒಂಬತ್ತರಿಂದ ಮೈದಾನದ ಹೊರಗೆ ಬಯಲಲ್ಲಿ ಸಾಸೇಜು ಸುಡುತ್ತ ಬಿಯರು ಕುಡಿದಿದ್ದರು. ಅರ್ಧ ಆಟ ಮುಗಿದಾಗ ಅವರು ಇಪ್ಪತ್ತೆಂಟು, ನಾವು ಮೂರು. ಶೌಚಾಲಯದ ಮುಂದೆ ಹನುಮಂತನ ಬಾಲದಂಥ ಸಾಲು. ನಲವತ್ತೈದು ವರ್ಷದ ನಾರ್ಬರ್ಟ್, ಎಂಜಿನ್ ಕಾರ್ಖಾನೆಯಲ್ಲಿ ಇಪ್ಪತ್ತು ಜನರ ಮೇಸ್ತ್ರಿ, ಆ ಸಾಲಿನಲ್ಲಿ ತಡೆದು ತಡೆದು, ಕೊನೆಗೆ ತಡೆಯಲಾಗದೆ ನಿಂತಲ್ಲೇ ಚಡ್ಡಿ ಪ್ಯಾಂಟು ಎಲ್ಲ ಒದ್ದೆ ಮಾಡಿಕೊಂಡ. ಬೂಟಿನೊಳಗೂ ಇಳಿಯಿತು.

ಸೀಟಿನ ಹತ್ತಿರ ಬಂದು, ಕೂರದೆ, "ಕ್ಯಾಜ್, ಮನೆಗೆ ಹೋಗೋಣ" ಎಂದ.

ಕ್ಯಾಜ್ ತಲೆಯೆತ್ತಿದ, ಕೆಳಗೆ ನೋಡಿದ. ತನ್ನ ಉದ್ದನೆಯ ದಪ್ಪ ಕೋಟು ಬಿಚ್ಚಿ ಗೆಳೆಯನ ಹೆಗಲಿಗೆ ಹಾಕಿ, ಗುಂಡಿಗಳನ್ನೆಲ್ಲ ಮಂಡಿಯವರೆಗೆ ತಾನೇ ಹಾಕಿದ. ಬರೀ ಅಂಗಿಯಲ್ಲಿ ಆ ಗಾಳಿಯಲ್ಲಿ ಮುಂದೆ ಮುಂದೆ ನಡೆದು ದಾರಿ ಮಾಡಿಕೊಟ್ಟ.

ನಾರ್ಬರ್ಟನ ಮನೆ ತುಂಬ ಅವನ ಅತ್ತೆ ಮಾವ, ಷಡ್ಡಕರು. ಹಾಗಾಗಿ ಕ್ಯಾಜ್ ಕಾರನ್ನು ತನ್ನ ಮನೆಗೇ ಓಡಿಸಿದ. ಟಿಕೆಟ್ಟೆಲ್ಲ ಖರ್ಚಾಗದ್ದರಿಂದ ಆವತ್ತು ಆ ಆಟ ಊರಿನ ಟಿವಿಯಲ್ಲಿ ಇರಲಿಲ್ಲ. ನೆಲಮಾಳಿಗೆಯಲ್ಲಿ, ಕ್ಯಾಜ್‌ನ ಉದ್ದದ ಪ್ಯಾಂಟಿನ ತುದಿ ಮಡಚಿಕೊಂಡು, ನಾರ್ಬರ್ಟ್ ರೇಡಿಯೋ ಪಕ್ಕ ಕೂತ. ಇನ್ನೂ ಏಳು ಅಂಕ ಬಿಟ್ಟುಕೊಟ್ಟು ಮೂವತ್ತೆರಡು ಅಂಕ ಹಿಂದೆ ಬಿದ್ದ ತಂಡ ಒಂದೊಂದೇ ಮೆಟ್ಟಿಲು ಹತ್ತುತ್ತ ಬಂತು. ಗೆದ್ದ ಕ್ಷಣದಲ್ಲಿ ಕ್ಯಾಜ್ ನೆಗೆದು, ಸೂರಿನ ಕೊಳವೆಗೆ ತಲೆ ಹೊಡೆಸಿಕೊಂಡು, ತಲೆ ಹಿಡಿದುಕೊಂಡೇ ಕುಣಿದ. 'ನಿನ್ನಿಂದಾಗಿ ತಪ್ಪಿತು' ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಮುಖದಲ್ಲೂ ಬರಲಿಲ್ಲ.

ವಾರದ ಮೇಲೆ ನಾರ್ಬರ್ಟನ ಪ್ಯಾಂಟು ಒಂದು ಚೀಲದಲ್ಲಿ ವಾಪಸು ಬಂತು. ಒಗೆದು, ಗೆರೆ ಬೀಳುವಂತೆ ಇಸ್ತ್ರಿ ಮಾಡಿತ್ತು. ಕ್ಯಾಜ್‌ಗೆ ಇಸ್ತ್ರಿ ಪೆಟ್ಟಿಗೆ ಹಿಡಿಯಲೂ ಬಾರದೆಂಬುದು ನಾರ್ಬರ್ಟನಿಗೆ ಅಂದು ಹೊಳೆಯಲಿಲ್ಲ. ಅಥವಾ ಹೊಳೆಯಲು ಅವನು ಬಿಡಲಿಲ್ಲ.

* * *

ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಗುಂಡಿ ತೋಡುವವರು ಮೂರು ಗಂಟೆಯವರೆಗೆ ಸಮಯ ಕೇಳಿದ್ದರು. ಹಾಗಾಗಿ ಊಟ ಮೊದಲು, ಮಣ್ಣು ಆಮೇಲೆ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹಂದಿಮಾಂಸದ ಹೋಳು, ಆಲೂಗಡ್ಡೆ ತುಂಬಿದ ಕಡುಬು, ಕಪ್ಪು ಬ್ರೆಡ್ಡು. ಡಿಸೆಂಬರಿನ ಕೊನೆಯ ಶನಿವಾರ, ನಾಲ್ಕೂವರೆಗೆ ಆಟ. ಸತ್ತವನಿಗೆ ಒಂದು ತುತ್ತಿನಷ್ಟು ಮೌನ ಕೊಟ್ಟು ಎಲ್ಲರೂ ಅದಕ್ಕೇ ಹತ್ತಿಕೊಂಡರು.

"ನಾವು ಗೆದ್ದು ಮಯಾಮಿ ಸೋತ್ರೆ ಮುಂದಿನ ಸುತ್ತಿಗೆ," ಎಂದ ರಿಚಿ, ಚಮಚ ಆಡಿಸುತ್ತ. "ಮಯಾಮಿ ಗೆದ್ರೆ ಡೆನ್ವರ್ ಸೋಲ್ಬೇಕು. ಡೆನ್ವರೂ ಗೆದ್ರೆ..."

"ಡೆನ್ವರೂ ಗೆದ್ರೆ ನೀನು ಚರ್ಚಿಗೆ ಬರೋದು ಬಿಡ್ತೀಯ."

"ಪ್ರತಿ ವರ್ಷ ಇದೇ ಗೋಳು. ಬೇರೆಯವರ ಸೋಲು ನಂಬ್ಕೊಂಡು ಸಂಸಾರ ಮಾಡೋ ತಂಡ ನಮ್ದು."

"ಚೆಂಡು ಎಸೆಯೋನಿಗೆ ಭುಜ ನೋವಂತೆ. ಅವನನ್ನ ಕಾಯೋ ಸಾಲಿನಲ್ಲಿ ಇಬ್ಬರು ಕುಂಟರು. ಏನು ಗೆಲ್ತೀರ, ಮಣ್ಣು?"

"ಥೂ, ಅಪಶಕುನ! ಹೂಸ್ಟನ್ ಆಟ ಮರೆತ್ಯಾ? ಕೊನೇ ತನಕ ಕೂರ್ಬೇಕು ಕಣೋ. ಕ್ಯಾಜ್ ಥರ ಎದ್ದು ಹೋಗ್ಬಾರ್ದು."

ಇಡೀ ಸಭಾಂಗಣ ನಕ್ಕಿತು. ಕ್ಯಾಜ್‌ನ ಮಗಳು ಜಾನಿಸ್ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ನಾರ್ಬ್ ಅಂಕಲ್, ಅಮ್ಮ ಹೇಳಿದ್ರಲ್ಲ, ಶುರು ಮಾಡಿ. ನಿಮ್ಮ ಹಾಗೆ ಯಾರಿಗೂ ಹೇಳಕ್ಕೆ ಬರಲ್ಲ."

ಅದು ನಿಜ. ಆ ಕತೆಯನ್ನು ಹುಟ್ಟಿಸಿದವನೇ ಅವನು.

* * *

ಆಟದ ಮರುದಿನ ಸೋಮವಾರ. ಬಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ನಿಮ್ಮ ಎರಡೂ ಸೀಟು ಖಾಲಿ ಇತ್ತಲ್ಲೋ, ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ರಿಚಿ ಎಲ್ಲರೆದುರು ಕೂಗಿದ. ಮೈದಾನದಲ್ಲಿ ಅವನು ಇವರಿಗಿಂತ ಎರಡು ಸಾಲು ಹಿಂದೆ ಕೂತಿದ್ದ. ನಲವತ್ತು ಮುಖ ತಿರುಗಿದವು. ನಾರ್ಬರ್ಟನಿಗೆ ಬೂಟಿನೊಳಗೆ ಮತ್ತೆ ಒದ್ದೆಯಾದಂತಾಯಿತು.

"ಕ್ಯಾಜ್‌ಗೆ ಸಾಕಾಯ್ತಂತೆ, ಎದ್ದ. ಕಾರಿನ ಕೀ ಅವನ ಹತ್ರ ಇತ್ತು, ನಾನೇನು ಮಾಡ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾಜ್ ನಿಂತಿದ್ದ, ಕೇಳಿಸಿಕೊಂಡಿದ್ದ. ಕೈಗವಸು ಒಂದೊಂದಾಗಿ ಕಳಚಿ ಜೇಬಿಗೆ ಹಾಕಿದ. ನಾರ್ಬರ್ಟನತ್ತ ಒಂದೇ ಸಲ ನೋಡಿದ.

"ಹೌದು," ಎಂದ. "ಗಾಳಿ ಬಹಳ ಇತ್ತು."

ಊರಿನ ಹಿಮ ಬಳಿಯುವ ಲಾರಿ ಓಡಿಸುವವನು, ಎಂಥ ಬಿರುಗಾಳಿಗೂ ನಸುಕಿಗೇ ಎದ್ದು ಹೊರಡುವವನು, ಗಾಳಿ ಎಂದು ಎದ್ದು ಬಂದನಂತೆ! ಬಾರು ಬಿದ್ದು ಬಿದ್ದು ನಕ್ಕಿತು. ರಿಚಿ ಅಲ್ಲೇ ಹೆಸರಿಟ್ಟ: ಹಾಫ್‌ಟೈಮ್ ಕ್ಯಾಜ್.

ಆ ಹೆಸರು ಅವನ ಲಾರಿಯ ಬಾಗಿಲ ಮೇಲೆ ಬಣ್ಣದಲ್ಲಿ ಬಂತು. ಅವನು ನಿವೃತ್ತನಾದ ದಿನ ಅರ್ಧ ಕೇಕು ತಂದಿಟ್ಟರು. ಮಗಳ ಮದುವೆಯಲ್ಲಿ ಬೀಗರೂ ಅದನ್ನೇ ಹಿಡಿದು ಚುಡಾಯಿಸಿದರು. ಪ್ರತಿ ಸಲವೂ ಕತೆ ಹೇಳಿದವನು ನಾರ್ಬರ್ಟ್. ಪ್ರತಿ ಸಲವೂ ಉಪ್ಪು ಖಾರ ಒಂದಿಷ್ಟು ಹೆಚ್ಚು. ಕ್ಯಾಜ್ ಬಿಯರಿನ ನೊರೆ ನೋಡುತ್ತ, ಸಣ್ಣಗೆ ನಗುತ್ತ ಕೂತಿರುತ್ತಿದ್ದ. ಲಾರಿಯವರು ಹಿಮ ಬಳಿದು ಮನೆಮನೆಯ ಬಾಯಿಗೆ ದಿಬ್ಬ ಒಟ್ಟಿ ಹೋಗುವುದು ರೂಢಿ. ಕ್ಯಾಜ್ ಮಾತ್ರ ಮುದುಕರಿರುವ ಪ್ರತಿ ಮನೆಯ ಮುಂದೆ, ದಿಬ್ಬ ಬೀಳದಂತೆ, ಲಾರಿಯ ಮುಂದಿನ ಹಲಗೆಯನ್ನು ಮೇಲೆತ್ತಿ ದಾಟುತ್ತಿದ್ದ. ಮೂವತ್ತನಾಲ್ಕು ವರ್ಷ ಹಾಗೆ ಮಾಡಿದ. ಅದಕ್ಕೆ ಯಾರೂ ಅವನಿಗೊಂದು ಹೆಸರಿಡಲಿಲ್ಲ.

* * *

ನಾರ್ಬರ್ಟ್ ಎದ್ದು ನಿಂತ. ಮೇಜಿನ ಅಂಚು ಹಿಡಿದುಕೊಂಡ.

"ಆವತ್ತು ಎದ್ದು ಹೋಗೋಣ ಅಂದವನು ಕ್ಯಾಜ್ ಅಲ್ಲ. ನಾನು."

ರಿಚಿ ಮೇಜು ಗುದ್ದಿದ. "ನೋಡ್ರಪ್ಪಾ ಗೆಳೆತನ ಅಂದ್ರೆ! ಸತ್ತವನ ಪಾಪಾನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ!"

"ಇಲ್ಲ ರಿಚಿ, ನಿಜ ಹೇಳ್ತಿದ್ದೀನಿ..."

"ಸುಮ್ನಿರೋ! ಕ್ಯಾಜೇ ಒಪ್ಕೊಂಡಿದ್ದ, ನನ್ನ ಈ ಕಿವಿಯಾರೆ ಕೇಳಿದ್ದೀನಿ. ನೀನ್ಯಾಕಯ್ಯಾ ಎದ್ದು ಹೋಗ್ತೀಯ? ಕಾರಣ ಹೇಳು ನೋಡೋಣ!"

ಕಾರಣ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಸಭಾಂಗಣದ ತುಂಬ ಹೆಂಗಸರಿದ್ದರು, ಕ್ಯಾಜ್‌ನ ಮೊಮ್ಮಕ್ಕಳಿದ್ದರು, ಅವನ ಕೈಕೆಳಗೆ ದುಡಿದವರಿದ್ದರು. ಎಪ್ಪತ್ತಾರು ವರ್ಷದ ಮುದುಕನಿಗೆ ಇನ್ನೂ ಯಾವ ಮಾನ ಉಳಿಸಿಕೊಳ್ಳುವುದಿತ್ತೋ, ಅವನಿಗೇ ತಿಳಿಯದು. ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಯಾರೋ ಬೆನ್ನು ಸವರಿದರು. ಜಾನಿಸ್ ಬಂದು ಕೆನ್ನೆಗೆ ಮುತ್ತಿಟ್ಟು, "ಅಪ್ಪ ಪುಣ್ಯವಂತ" ಎಂದಳು. ನಿಜ ಹೇಳಹೋಗಿ ಇನ್ನಷ್ಟು ಒಳ್ಳೆಯವನಾಗಿಬಿಟ್ಟಿದ್ದ. ಇಷ್ಟು ನಾಚಿಕೆ ಅವನಿಗೆ ಆ ಶೌಚಾಲಯದ ಸಾಲಿನಲ್ಲೂ ಆಗಿರಲಿಲ್ಲ.

ಡೊಲೋರಿಸ್ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಕಾಫಿ ತಂದು ಅವನ ಮುಂದೆ ಇಟ್ಟು, ಬಗ್ಗಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಆ ಪ್ಯಾಂಟು ಎರಡು ಸಲ ಒಗೆದೆ, ನಾರ್ಬರ್ಟ್."

ಅವನು ತಲೆಯೆತ್ತಲಿಲ್ಲ. "ಗೊತ್ತಿದ್ದೂ ಇಷ್ಟು ವರ್ಷ..."

"ನಾನು ಬಾಯಿ ಬಿಡ್ತೀನಿ ಅಂದಾಗೆಲ್ಲ ಅವನು ಬೇಡ ಅಂತಿದ್ದ. ನಾರ್ಬರ್ಟೇ ಒಂದಿನ ಹೇಳ್ತಾನೆ ಬಿಡು, ಅಂತಿದ್ದ." ಕಾಫಿಯನ್ನು ಅವನತ್ತ ಇನ್ನಷ್ಟು ಸರಿಸಿದಳು. "ಕಾಯ್ತಾ ಇದ್ದ ಕಣೋ."

* * *

ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಪಾದ್ರಿ ಚುಟುಕಾಗಿ ಮುಗಿಸಿದ. ಪೆಟ್ಟಿಗೆ ಇನ್ನೂ ಗುಂಡಿಗೆ ಅಡ್ಡ ಬಿಗಿದ ಬೆಲ್ಟುಗಳ ಮೇಲೆಯೇ ಇತ್ತು. ಇಳಿಸುವ ತನಕ ನಿಲ್ಲುವ ರೂಢಿ ಈಗ ಯಾರಿಗೂ ಇಲ್ಲ. ಜನ ಗಡಿಯಾರ ನೋಡಿಕೊಂಡರು. ಯಾರದೋ ಕಾರಿನ ರೇಡಿಯೋದಲ್ಲಿ ಆಟಕ್ಕೆ ಮುಂಚಿನ ಹರಟೆ ಆಗಲೇ ಶುರುವಾಗಿತ್ತು. ಪುಷ್ಪಚಕ್ರ ಇಲ್ಲೂ ನಿಲ್ಲಲಿಲ್ಲ. ನಾರ್ಬರ್ಟ್ ಅದನ್ನು ಕೈಯಲ್ಲೇ ಎತ್ತಿ ಹಿಡಿದಿದ್ದ.

"ಬಾರೋ ನಾರ್ಬ್, ಮೊದಲ ಒದೆತ ತಪ್ಪುತ್ತೆ," ಎಂದ ರಿಚಿ.

"ಕಾರಣ ಕೇಳಿದ್ಯಲ್ಲ," ಎಂದ ನಾರ್ಬರ್ಟ್. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕಾರಿನತ್ತ ಹೊರಟಿದ್ದವರು ನಿಂತರು. "ಆ ಸಾಲಲ್ಲಿ ನಿಂತು ನಾನು ಪ್ಯಾಂಟಲ್ಲೇ ಉಚ್ಚೆ ಹೊಯ್ಕೊಂಡೆ. ಕುಡಿದಿದ್ದೆ. ಕ್ಯಾಜ್ ತನ್ನ ಕೋಟು ಬಿಚ್ಚಿ ನನಗೆ ಹಾಕಿ, ಬರೀ ಅಂಗೀಲಿ ನನ್ನನ್ನ ತನ್ನ ಮನೆಗೆ ಕರ್ಕೊಂಡ್ಹೋದ. ಮಾರನೇ ದಿನ ನಾನು ಅವನ ಮೇಲೆ ಹೇಳ್ದೆ. ಅವನು ಹೌದು ಅಂದ. ಅಷ್ಟೇ."

ಯಾರೂ ನಗಲಿಲ್ಲ. ಜಾನಿಸ್ ಅವನನ್ನು ನೋಡಿದಳು. ಮಧ್ಯಾಹ್ನ ಮುತ್ತಿಟ್ಟ ತುಟಿಯನ್ನು ಕೈಗವಸಿನಿಂದ ಒರೆಸಿಕೊಂಡು, ತಾಯಿಯ ಪಕ್ಕಕ್ಕೆ ಸರಿದಳು. ಆ ಹೆಸರಿಟ್ಟವನು ರಿಚಿಯೇ ಅಲ್ಲವೇ?

ರಿಚಿ ಟೋಪಿ ತೆಗೆದ. ಹತ್ತಿರ ಬಂದು ಪುಷ್ಪಚಕ್ರದ ಬಿಳಿ ಪಟ್ಟಿಯ ಗುಂಡುಪಿನ್ನುಗಳನ್ನು, ಚಳಿಗೆ ಮರಗಟ್ಟಿದ ಬೆರಳಲ್ಲಿ, ಒಂದೊಂದಾಗಿ ಬಿಡಿಸಿದ. ಪಟ್ಟಿಯನ್ನು ಎರಡು ಮಡಿಕೆ ಮಡಿಸಿ ನಾರ್ಬರ್ಟನ ಕೋಟಿನ ಜೇಬಿಗೆ ತುರುಕಿದ. ಅವನ ಮುಖ ನೋಡದೆ ಕಾರಿನತ್ತ ನಡೆದ.

ಕಾರುಗಳು ಒಂದರ ಹಿಂದೊಂದು ಹೊರಟವು. ಕೆಲಸದವರು ಬಂದು ಪೆಟ್ಟಿಗೆ ಇಳಿಸಿದರು. ಡೊಲೋರಿಸ್ ಒಂದು ಹಿಡಿ ಮಣ್ಣು ಹಾಕಿ ಮಗಳ ತೋಳು ಹಿಡಿದು ಹೋದಳು. ಅವನಿಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಯಂತ್ರ ಹೆಪ್ಪುಗಟ್ಟಿದ ಮಣ್ಣನ್ನು ಹೆಂಟೆ ಹೆಂಟೆಯಾಗಿ ನೂಕುತ್ತಿತ್ತು.

"ಇನ್ನೂ ಅರ್ಧ ಗಂಟೆ ಆಗುತ್ತೆ ತಾತ," ಎಂದ ಯಂತ್ರದವನು. "ಆಟ ಶುರುವಾಗಿದೆ. ಹೋಗಲ್ವಾ?"

ನಾರ್ಬರ್ಟ್ ಇಲ್ಲವೆಂದು ತಲೆಯಾಡಿಸಿದ. ಅರ್ಧ ಚಕ್ರವನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಅಲ್ಲೇ ನಿಂತ. ಜೇಬಿನಿಂದ ಹೊರಬಿದ್ದ ಪಟ್ಟಿಯ ತುದಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅವನು ಅದನ್ನು ಒಳಗೆ ತಳ್ಳಲಿಲ್ಲ.