ಗೋಡೆಯ ಕೊನೆಯ ಚೀಟಿ

ಮೂರನೆಯ ಸಲ ಬಚ್ಚಲಮನೆಗೆ ಹೊರಟಿದ್ದ ಭಾವನನ್ನು ಆಕೆ ಬಾಗಿಲಲ್ಲೇ ಅಡ್ಡಗಟ್ಟಿದಳು.

"ಏನು ಭಾವ, ಹೊಟ್ಟೆ ಸರಿಯಿಲ್ವಾ?"

"ಇಲ್ಲಮ್ಮ, ಸುಮ್ನೆ ಮುಖ ತೊಳೆಯೋಣ ಅಂತ..." ಎನ್ನುವಷ್ಟರಲ್ಲಿ ಅವರ ಜೇಬಿನೊಳಗಿಂದ ಸಾವಿರಾರು ಜನ ಒಟ್ಟಿಗೆ ಹೋ ಎಂದು ಕಿರುಚಿದರು.

ಎಪ್ಪತ್ತೈದು ದಾಟಿದ ಹಿರಿಯರು, ಊರಿಗೆಲ್ಲ ಬುದ್ಧಿ ಹೇಳುವವರು, ಸಕ್ಕರೆ ಡಬ್ಬಿಯಲ್ಲಿ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತರು. ಅವರ ಹಿಂದೆ, ಬಟ್ಟೆ ಒಗೆಯುವ ಜಾಗದಲ್ಲಿ, ಸಾವಿಗೆ ಬಂದವರಲ್ಲಿ ಅರ್ಧದಷ್ಟು ಜನ ಇನ್ನೊಂದು ಫೋನಿನ ಮೇಲೆ ಬಗ್ಗಿದ್ದರು. ಶವದ ಗಾಡಿಯ ಡ್ರೈವರ್ ಕೂಡ.

ಈ ಮನೆಯಲ್ಲಿ ಇವತ್ತು ಫುಟ್‌ಬಾಲ್ ಮಾತು ಬೇಡ ಎಂದು ಆಕೆ ಬೆಳಿಗ್ಗೆಯೇ ಹೇಳಿದ್ದಳು. "ಮೂವತ್ತು ವರ್ಷ ಅವರನ್ನ ಆಟಕ್ಕೆ ಕೊಟ್ಟಿದೀನಿ. ಇದೊಂದು ದಿನ ನನಗೆ ಬಿಡಿ" ಎಂದಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ಪಾಪ, ಅವರಾದರೂ ಏನು ಮಾಡಿಯಾರು? ಗಂಡ ಆರು ವರ್ಷ ತರಬೇತಿ ಕೊಟ್ಟ ಆ ಪುಟ್ಟ ದೇಶದ ತಂಡ ಇದೇ ಮಧ್ಯಾಹ್ನ ಆಡುತ್ತಿತ್ತು. ಗೆದ್ದರೆ ಮೊಟ್ಟಮೊದಲ ಸಲ ವಿಶ್ವಕಪ್. ಎರಡು ತಿಂಗಳ ಹಿಂದೆ ಕಾಯಿಲೆ ಬೀಳುವವರೆಗೆ ಆ ತಂಡದ ಬೆಂಚಿನಲ್ಲಿ ಕೂತಿದ್ದವರು ಈಗ ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದರು. ನಾಲ್ಕು ಗಂಟೆಗೆ ಮಣ್ಣು.

"ಅಮ್ಮಾ!" ಮಗಳು ಓಡಿಬಂದಳು. "ಅಲ್ಲಿಂದ ಫೋನು. ಅಪ್ಪನ ಅಸಿಸ್ಟೆಂಟು." ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದಳು.

ಅಪ್ಪನ ಜೊತೆ ಇದೇ ಊರಿಂದ ಹೋದವನು, ಆರು ವರ್ಷ ಆಕೆಯ ಕೈಯಡುಗೆ ಉಂಡವನು. ಈಗ ಅವರ ಜಾಗದಲ್ಲಿ ಅವನೇ ಕೋಚ್.

"ಅಕ್ಕಾ, ಕಾಲು ಹಿಡೀತೀನಿ, ಫೋನ್ ಇಡಬೇಡಿ. ಒಂದು ಒಂದು ಸಮ ಆಗಿದೆ. ಪೆನಾಲ್ಟಿಗೇ ಹೋಗುತ್ತೆ. ಅವರ ಕಡೆಯವರು ಎಲ್ಲಿಗೆ ಒದೀತಾರೆ ಅಂತ ಸರ್ ಆಸ್ಪತ್ರೆಯಲ್ಲೇ ಚೀಟಿ ಬರೆದಿದ್ರು. ಭಾನುವಾರ ನಿಮ್ಮ ಕೈಲಿ ನೀಟಾಗಿ ಬರೆಸಿ ಕಳಿಸ್ತೀನಿ ಅಂದಿದ್ರು."

ಅವರು ಹೋದದ್ದು ಅದಕ್ಕೂ ಮೊದಲು, ಶುಕ್ರವಾರ.

"ಎಲ್ಲಿಟ್ಟಿದಾರೆ?"

"ಕಂದು ಕೋಟಿನ ಒಳಜೇಬಲ್ಲಿ ಅಂದ್ರು."

ಮಗಳ ಮುಖ ಬಿಳಿಚಿಕೊಂಡಿತು. ಬೆಳಿಗ್ಗೆ ಆ ಕೋಟನ್ನು ಅಪ್ಪನಿಗೆ ತೊಡಿಸಿದ್ದು ಅವಳೇ. ಗುಂಡಿ ಹಾಕಿದ್ದಳು, ಕಾಲರ್ ಸರಿಮಾಡಿದ್ದಳು. ಜೇಬು ನೋಡಬೇಕೆಂದು ಹೊಳೆದಿರಲಿಲ್ಲ. ಎಲ್ಲರ ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟವು. ಮುಚ್ಚಳಕ್ಕೆ ಆರು ಸ್ಕ್ರೂ ಬಿಗಿದಾಗಿತ್ತು.

"ಮುಚ್ಚಿದ ಮೇಲೆ ತೆಗೀಬಾರದು, ನಿಜ" ಎಂದರು ಭಾವ. ಸ್ವಲ್ಪ ತಡೆದು, "ಆದ್ರೂ ಎಷ್ಟೊತ್ತಿನ ಕೆಲಸ, ಅಲ್ವಾ?" ಎಂದರು.

"ಯಾರೂ ಮುಟ್ಟಬೇಡಿ" ಎಂದಳು ಆಕೆ.

*

ಗಂಡ ಹದಿನಾಲ್ಕು ವರ್ಷ ದೇಶದ ತಂಡಕ್ಕೆ ಗೋಲ್‌ಕೀಪರ್ ಆಗಿದ್ದಾಗ ಜನ ಅವರನ್ನು 'ಗೋಡೆ' ಎನ್ನುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಗೋಡೆ ಕೋಚ್ ಕೆಲಸ ಹಿಡಿದು ಪರದೇಶಕ್ಕೆ ಹೊರಟಿತು, ಹಿಂದೆ ಆಕೆ, ಮಗು, ನಾಲ್ಕು ಸೂಟ್‌ಕೇಸು. ಮೊದಲ ದೇಶದಲ್ಲಿ ಮೂರನೇ ಮಹಡಿಯ ಎರಡು ಕೋಣೆ. ಪಂದ್ಯದ ಹಿಂದಿನ ದಿನ ಅವರು ಎದುರಾಳಿಗಳ ಪೆನಾಲ್ಟಿಗಳನ್ನು ಟಿವಿಯಲ್ಲಿ ಮತ್ತೆ ಮತ್ತೆ ಹಾಕಿ ನೋಡಿ ಚೀಟಿ ಬರೆಯುವರು. ಅದನ್ನು ಕೀಪರಿನ ನೀರಿನ ಬಾಟಲಿಗೆ ಅಂಟಿಸುವುದು ಅವರ ಪದ್ಧತಿ. ಆದರೆ ಅವರ ಅಕ್ಷರವೋ, ಕೋಳಿ ಕೆದರಿದ ಹಾಗೆ. ಮೊದಲ ಪಂದ್ಯದಲ್ಲಿ ಕೀಪರಿಗೆ ತಲೆಬುಡ ತಿಳಿಯದೆ ತಂಡ ಸೋತಿತು. ಅಂದಿನಿಂದ ಚೀಟಿಗಳನ್ನು ಆಕೆಯೇ ನಕಲು ಮಾಡಿದಳು. ನಾಲ್ಕು ದೇಶ, ನೂರಾರು ಚೀಟಿ.

ಒಂದು ಮಧ್ಯಾಹ್ನ ಬರೆಯುತ್ತ ಬರೆಯುತ್ತ ಆಕೆ ತಲೆಯೆತ್ತಿ, "ರೀ, ಈ ಎಂಟನೇ ನಂಬರಿನವನು ಎಡಕ್ಕೆ ಒದೆಯಲ್ಲ. ಬಲಕ್ಕೇ" ಎಂದಿದ್ದಳು.

ಅವರು ನಕ್ಕುಬಿಟ್ಟರು. "ನೀನು ಅಕ್ಷರ ನೋಡ್ಕೊ. ಆಟ ನಾನು ನೋಡ್ಕೋತೀನಿ."

ಮರುದಿನ ಎಂಟನೇ ನಂಬರಿನವನು ಬಲಕ್ಕೇ ಒದ್ದ. ಅವರು ಮನೆಗೆ ಬಂದು ಆ ಮಾತೆತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಆಮೇಲೆ ಪ್ರತಿ ಒದೆತವನ್ನೂ ಆಕೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಮನಸ್ಸಿನಲ್ಲೇ ಎಡಬಲ ತೀರ್ಮಾನಿಸಿದಳು, ಬಾಯಿ ಮಾತ್ರ ಬಿಡಲಿಲ್ಲ. ಆಕೆಗೆ ಆಟವೆಂದರೆ ಆಗದು ಎಂದು ಜನ ಮಾತಾಡಿಕೊಂಡರು. ಅವತ್ತು ಅವರು ನಕ್ಕ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ.

*

"ಅಕ್ಕಾ, ಆಟ ಮುಗೀತು. ಪೆನಾಲ್ಟಿ! ಕೀಪರ್ ಅಳ್ತಿದಾನೆ. ಸರ್ ಚೀಟಿ ಇಲ್ದೆ ನಾನು ನಿಲ್ಲಲ್ಲ ಅಂತಾನೆ."

ಆಕೆ ಪೆಟ್ಟಿಗೆಯನ್ನು ನೋಡಿದಳು. ಹೋಗುವಾಗಲೂ ಕೆಲಸ ಹಚ್ಚಿ ಹೋಗಿದ್ದಾರೆ ಮಹರಾಯರು!

"ಸ್ಕ್ರೂ ತೆಗೀರಿ" ಎಂದಳು.

ಡ್ರೈವರ್ ಆಗಲೇ ಎರಡು ಬಿಚ್ಚಿದ್ದ.

ಒಳಜೇಬಿಗೆ ಆಕೆಯೇ ಕೈ ಹಾಕಿದಳು. ಕೋಟು ತಣ್ಣಗಿತ್ತು. ಗಂಡನ ಮುಖವನ್ನು ಒಂದು ಕ್ಷಣ ನೋಡಿದಳು; ಅಳಲು ಹೊತ್ತಿರಲಿಲ್ಲ, ಚೀಟಿಯನ್ನು ಎಳೆದು ಬಿಡಿಸಿದಳು. ಮಗಳು ಬಗ್ಗಿ ನೋಡಿದಳು. ಅವಳಿಗೆ ಒಂದಕ್ಷರವೂ ಹತ್ತಲಿಲ್ಲ. ಆಕೆ ಗಡಗಡನೆ ಓದಿದಳು:

"ಬರ್ಕೊ. ಒಂಬತ್ತು, ಎಡ, ನೆಲಕ್ಕೆ. ಹತ್ತು, ಬಲ, ಮೇಲೆ. ನಾಲ್ಕು, ಬಲ. ಏಳು, ಓಡಿಬರುವಾಗ ನಿಧಾನಿಸಿದರೆ ಎಡ."

"ಹದಿನೇಳು? ಹೊಸಬ ಅಕ್ಕ, ಐದನೆಯವನು ಅವನೇ!"

ಹದಿನೇಳರ ಮುಂದೆ ಪೆನ್ನು ಒಂದು ಗೀಟು ಎಳೆದು ಕಾಗದದ ಅಂಚಿನವರೆಗೆ ಜಾರಿಹೋಗಿತ್ತು. ಅಲ್ಲಿ ಅಕ್ಷರವೇ ಇರಲಿಲ್ಲ. ಅದು ಮಗಳಿಗೂ ಕಂಡಿತು.

ಆಸ್ಪತ್ರೆಯಲ್ಲಿ ಗಂಡ ನಿದ್ದೆಹೋದಾಗ, ಅವರ ಕೈಯಿಂದ ಜಾರಿದ ಫೋನಿನಲ್ಲಿ ಆ ಹದಿನೇಳನೆಯವನ ಒಂದೇ ಒಂದು ಒದೆತವನ್ನು ಆಕೆ ಮೂರು ಸಲ ನೋಡಿದ್ದಳು. ತಪ್ಪಾದರೆ ಸೋಲು ಮಣ್ಣಿಗೆ ಹೋಗುವವರ ಹೆಸರಿಗೆ ಅಂಟುತ್ತದೆ. ಆಕೆ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು.

"ಬರೆದಿದಾರೆ" ಎಂದಳು. "ಕಾಲು ಕದಲಿಸಬೇಡ, ನಟ್ಟ ನಡುವೆ ನಿಂತ್ಕೊ, ಅಂತ."

"ಅಮ್ಮಾ..." ಎಂದಳು ಮಗಳು ಪಿಸುದನಿಯಲ್ಲಿ.

"ಸುಮ್ನಿರೆ."

ಮುಚ್ಚಳವನ್ನು ಹಾಗೇ ಇಟ್ಟರು; ಸ್ಕ್ರೂ ಹಾಕುವ ಪುರುಸೊತ್ತು ಯಾರಿಗಿತ್ತು? ಭಾವ ತಮ್ಮ ಫೋನನ್ನು ಮುಚ್ಚಳದ ಮೇಲೆಯೇ ಹೂವಿನ ಕುಂಡಕ್ಕೆ ಒರಗಿಸಿ ನಿಲ್ಲಿಸಿದರು. ಆಕೆ ಬೇಡವೆನ್ನಲಿಲ್ಲ. ಸಾವಿಗೆ ಬಂದವರೆಲ್ಲ ಪೆಟ್ಟಿಗೆಯ ಸುತ್ತ ಒತ್ತರಿಸಿ ನಿಂತರು.

ನಮ್ಮವರು ಐದರಲ್ಲಿ ನಾಲ್ಕು ಹೊಡೆದರು. ಅವರ ಒಂಬತ್ತನೇ ನಂಬರಿನವನು ಎಡಕ್ಕೇ ಒದ್ದ, ಕೀಪರಿನ ಬೆರಳು ಸವರಿ ಚೆಂಡು ಒಳಗೆ ಹೋಯಿತು. ಹತ್ತು ಬಲಕ್ಕೆ, ಗೋಲು. ನಾಲ್ಕು ಬಲಕ್ಕೆ, ಕೀಪರ್ ಹಾರಿ ಹೊರದೂಡಿದ! ಭಾವ ಡ್ರೈವರನ್ನು ತಬ್ಬಿಕೊಂಡರು. ಏಳನೇ ನಂಬರಿನವನು ಗೋಲು ಹೊಡೆದ. ನಾಲ್ಕಕ್ಕೆ ಮೂರು. ಇನ್ನುಳಿದದ್ದು ಹದಿನೇಳು.

ಹದಿನೇಳು ಚೆಂಡನ್ನು ಇಟ್ಟ, ಎತ್ತಿದ, ಮತ್ತೆ ಇಟ್ಟ. ಮಗಳು ಅಮ್ಮನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಅವನು ಓಡಿಬಂದ, ಒದ್ದ. ಕೀಪರ್ ಅಲುಗಲಿಲ್ಲ. ಚೆಂಡು ನೇರ ಅವನ ಎದೆಗೆ ಬಡಿಯಿತು, ಅವನು ಅದನ್ನು ಅವಚಿಕೊಂಡು ಮೊಣಕಾಲೂರಿದ.

ಮನೆಯ ಚಾವಣಿ ಹಾರಿಹೋಗುವಂಥ ಕೂಗೆದ್ದಿತು. ಕುರ್ಚಿಗಳು ಉರುಳಿದವು, ಯಾರೋ ಅಳುತ್ತಿದ್ದರು, ಯಾರೋ ಶಿಳ್ಳೆ ಹಾಕಿದರು. ಆ ಗದ್ದಲದ ನಡುವೆ ಆಕೆ ಎರಡೂ ಅಂಗೈಯಿಂದ ಪೆಟ್ಟಿಗೆಯ ಮುಚ್ಚಳವನ್ನು ದಬದಬ ಬಡಿಯುತ್ತಿದ್ದಳು. ಹೊತ್ತೇರಿದರೂ ಏಳದ ಗಂಡನನ್ನು ಎಬ್ಬಿಸುವವಳ ಹಾಗೆ ಬಗ್ಗಿ, ನಗುತ್ತ, ಕಣ್ಣೀರು ಸುರಿಸುತ್ತ ಕೂಗುತ್ತಿದ್ದಳು:

"ರೀ! ನೋಡಿದ್ರಾ? ಅದು ನಂದು ರೀ, ಅದು ನಂದು!"